ಯಾವ ಪುಸ್ತಕದಿಂದ ಶುರು ಮಾಡೋಣ, ಪಾಸ್ಟರ್?

ಯುವಜನರ ಕೂಟ, ಕಾರ್ಗಲ್ – ಎರಡನೇ ದಿನ, ಬೆಳಗಿನ ಸಂದೇಶ
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 8:26-40, 2 ತಿಮೊಥೆಯನಿಗೆ 4:9-21
(ಧ್ವನಿಮುದ್ರಣದಿಂದ ಬರೆದುಕೊಂಡದ್ದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇವೆ.)

 

ಬೆಂಗಳೂರಲ್ಲಿ ರೈಲು ಹತ್ತಿ ತಾಳಗುಪ್ಪದಲ್ಲಿ ಇಳಿದಾಗಿನಿಂದ ನೀವು ಬಿಸಿಲು ನೋಡಿಲ್ಲ ಅಂತ ಗೊತ್ತು. ಹಿಂದಿನ ಸಾಲಿನಲ್ಲಿ ಒಬ್ಬ ತಮ್ಮ ಒದ್ದೆ ಸಾಕ್ಸ್ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಾನೆ. ಇರಲಿ ಬಿಡಪ್ಪಾ, ಈ ತಿಂಗಳಲ್ಲಿ ಕಾರ್ಗಲ್‌ನಲ್ಲಿ ಯಾರ ಬಟ್ಟೆಯೂ ಒಣಗೋದಿಲ್ಲ. ನಾನು ಇಲ್ಲೇ ಕಾಲೋನಿಯಲ್ಲಿ ಹುಟ್ಟಿ ಬೆಳೆದವನು. ಸಣ್ಣವರಿದ್ದಾಗ ಬೆಳಿಗ್ಗೆ ಎದ್ದ ಕೂಡಲೇ ಅಪ್ಪ ಕೇಳ್ತಿದ್ದದ್ದು ಒಂದೇ, ಲಿಂಗನಮಕ್ಕಿ ಎಷ್ಟು ಅಡಿಗೆ ಬಂತು ಅಂತ. 1819 ಅಡಿ ಮುಟ್ಟಿದರೆ ಡ್ಯಾಮ್ ತುಂಬಿತು. ಊರಿಗೆ ಊರೇ ಗೇಟ್ ತೆಗೆಯೋದನ್ನು ನೋಡೋಕೆ ಹೋಗ್ತಿತ್ತು.

ಮೂರು ವಾರದ ಹಿಂದೆ ನಿಮ್ಮ ಯೂತ್ ಲೀಡರ್ ನನಗೆ ಫೋನ್ ಮಾಡಿದ್ದರು. "ಪಾಸ್ಟರ್, ಈ ವರ್ಷ ನಾವು ಕ್ರಮವಾಗಿ ಸತ್ಯವೇದ ಅಭ್ಯಾಸ ಶುರು ಮಾಡಬೇಕು ಅಂತಿದೀವಿ. ಜೊತೆಗೆ ಒಂದು ಪಠ್ಯಪುಸ್ತಕ ಬೇಕು. ಐದು ಪುಸ್ತಕದ ಪಟ್ಟಿ ಮಾಡಿದೀವಿ. ಯಾವುದರಿಂದ ಶುರು ಮಾಡೋಣ?" ಅಂದರು. "ಪ್ರಾರ್ಥನೆ ಮಾಡಿ ಹೇಳ್ತೀನಿ" ಅಂದೆ. ನಮ್ಮಂಥವರಿಗೆ ತಕ್ಷಣ ಉತ್ತರ ಗೊತ್ತಿಲ್ಲದಾಗ ಬರೋ ಮಾತು ಅದು, ನಗಬೇಡಿ. ಆದ್ರೆ ನಿಜವಾಗಿಯೂ ಪ್ರಾರ್ಥನೆ ಮಾಡಿದೆ. ಮಾಡುವಾಗ ಪುಸ್ತಕದ ಹೆಸರು ನೆನಪಿಗೆ ಬರಲಿಲ್ಲ, ಒಬ್ಬ ಹುಡುಗನ ಮುಖ ಬಂತು. ಅವನ ಕಥೆ ಆಮೇಲೆ ಹೇಳ್ತೀನಿ. ಮೊದಲು ವಾಕ್ಯ ತೆರೆಯೋಣ.

ಅಪೊಸ್ತಲರ ಕೃತ್ಯಗಳು ಎಂಟನೇ ಅಧ್ಯಾಯ. ಐಥಿಯೋಪ್ಯದ ರಾಣಿಯ ಖಜಾನೆ ನೋಡಿಕೊಳ್ಳೋ ದೊಡ್ಡ ಅಧಿಕಾರಿ. ಯೆರೂಸಲೇಮಿಗೆ ಆರಾಧನೆಗೆ ಬಂದು ವಾಪಸ್ ಹೋಗ್ತಾ ಇದ್ದಾನೆ. ರಥದಲ್ಲಿ ಕೂತು ಯೆಶಾಯನ ಪುಸ್ತಕವನ್ನು ಗಟ್ಟಿಯಾಗಿ ಓದ್ತಾ ಇದ್ದಾನೆ. ಫಿಲಿಪ್ಪ ಓಡಿಹೋಗಿ ಪಕ್ಕದಲ್ಲಿ ನಿಂತು, ಓದುತ್ತಾ ಇರೋದು ಅರ್ಥ ಆಗ್ತಿದೆಯಾ ಅಂತ ಕೇಳ್ತಾನೆ. ಆ ಮನುಷ್ಯ ದೊಡ್ಡಸ್ತಿಕೆ ತೋರಿಸಲಿಲ್ಲ. ಯಾರಾದರೂ ದಾರಿ ತೋರಿಸದೆ ಹೇಗೆ ಅರ್ಥ ಆಗುತ್ತೆ ಅಂತ ನೇರವಾಗಿ ಒಪ್ಪಿಕೊಂಡು, ಹತ್ತಿ ಕೂತುಕೋ ಅಂದ.

ಈಗ ನಮ್ಮ ಸಭೆಗಳಲ್ಲಿ ಒಂದು ಮಾತು ಇದೆ. "ಪವಿತ್ರಾತ್ಮನೇ ನಮ್ಮ ಬೋಧಕ, ಪುಸ್ತಕ ಯಾಕೆ? ಮೊಣಕಾಲೂರಿದ್ರೆ ಸಾಕು." ನಾನೂ ಇದನ್ನು ಇದೇ ಊರಲ್ಲಿ ಮೈಕ್ ಹಿಡಿದು ಹೇಳಿದ್ದೇನೆ. ಆದರೆ ಗಮನಿಸಿ, ಆ ರಥದ ಹತ್ತಿರ ಹೋಗು ಅಂತ ಫಿಲಿಪ್ಪನಿಗೆ ಹೇಳಿದ್ದು ಯಾರು? ಆತ್ಮನೇ. ಆ ಅಧಿಕಾರಿಗೆ ನೇರವಾಗಿ ಅರ್ಥ ತಿಳಿಸೋಕೆ ಆತ್ಮನಿಗೆ ಶಕ್ತಿ ಇರಲಿಲ್ವಾ? ಇತ್ತು. ಆದರೂ ಬಿಸಿಲಲ್ಲಿ, ನಿರ್ಜನ ರಸ್ತೆಯಲ್ಲಿ ಒಬ್ಬ ಮನುಷ್ಯನನ್ನು ಓಡಿಸಿಕೊಂಡು ಬಂದು ಪಕ್ಕದಲ್ಲಿ ಕೂರಿಸಿದ. ಅಪೊಲ್ಲೋಸನನ್ನು ನೋಡಿ, ಹದಿನೆಂಟನೇ ಅಧ್ಯಾಯ. ಶಾಸ್ತ್ರಗಳಲ್ಲಿ ಗಟ್ಟಿಗ, ಆತ್ಮದಲ್ಲಿ ಉರೀತಾ ಇದ್ದವನು. ಅವನನ್ನೂ ಪ್ರಿಸ್ಕಿಲ್ಲ, ಅಕ್ವಿಲ ಕರೆದುಕೊಂಡು ಹೋಗಿ ಇನ್ನೂ ಸರಿಯಾಗಿ ವಿವರಿಸಿದರು.

"ಯೋಹಾನ ಬರೆದಿದ್ದಾನಲ್ಲ, ಅಭಿಷೇಕ ಇರೋರಿಗೆ ಬೇರೆಯವರು ಕಲಿಸಬೇಕಾಗಿಲ್ಲ ಅಂತ?" ಒಬ್ಬ ಹಿರಿಯ ಬ್ರದರ್ ನನ್ನನ್ನು ಕೇಳಿದರು. ಹೌದು, 1 ಯೋಹಾನ 2:27. ಮೋಸಗಾರರು ಸಭೆಯೊಳಗೆ ಬಂದಿದ್ದಾಗ ಬರೆದ ಮಾತು ಅದು. ಇನ್ನೊಂದು ವಿಷಯ, ಅದನ್ನು ಯೋಹಾನ ಹೇಳಿದ್ದು ಒಂದು ಪತ್ರದಲ್ಲಿ. ಕೂತು, ಬರೆದು, ಐದು ಅಧ್ಯಾಯ ಕಲಿಸುತ್ತಾ ಹೇಳಿದ ಮಾತು!

ನಿಮ್ಮ ಕೈಯಲ್ಲಿರೋ ಕನ್ನಡ ಸತ್ಯವೇದವನ್ನೇ ತೊಗೊಳ್ಳಿ. ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡ ಕಲಿತು, ಈ ಭಾಷೆ ಬಲ್ಲವರ ಜೊತೆ ಕೂತು ಅನುವಾದ ಮಾಡಿದರು. ಇಡೀ ಸತ್ಯವೇದ ಕನ್ನಡದಲ್ಲಿ ಪೂರ್ತಿ ಆದದ್ದು 1831ರಲ್ಲಿ. ಇಪ್ಪತ್ತೊಂದು ವರ್ಷ! ಆಮೇಲೆ ಬಾಸೆಲ್ ಮಿಷನ್‌ನವರು ಅದನ್ನು ತಿದ್ದಿದರು. ವ್ಯಾಕರಣ, ನಿಘಂಟು, ಹೀಬ್ರೂ, ಗ್ರೀಕ್ – ಎಷ್ಟು ಪುಸ್ತಕಗಳ ಮೇಲೆ ಎಷ್ಟು ಕಣ್ಣು ಸವೆದಿದೆಯೋ. "ನನಗೆ ಪುಸ್ತಕ ಬೇಡ, ಸತ್ಯವೇದ ಸಾಕು" ಅಂತ ನಾವು ಆ ಸತ್ಯವೇದವನ್ನೇ ಎತ್ತಿ ತೋರಿಸಿ ಹೇಳ್ತೀವಿ.

ಈಗ ಆ ಹುಡುಗನ ಕಥೆ. ಹೆಸರು ಹೇಳೋದಿಲ್ಲ.

ಇದೇ ಕಾಲೋನಿಯ ಹುಡುಗ. ಸಂಡೇ ಸ್ಕೂಲಲ್ಲಿ ಕಂಠಪಾಠ ಅಂದ್ರೆ ಅವನೇ. ಹದಿನಾರನೇ ವಯಸ್ಸಿಗೆ ಶರಾವತಿ ಹಿನ್ನೀರಲ್ಲಿ ನಾನೇ ದೀಕ್ಷಾಸ್ನಾನ ಕೊಟ್ಟೆ. ನೀರಿಗೆ ಇಳಿಯೋ ಮೊದಲು ನಾವು ಕೇಳ್ತೀವಲ್ಲ, ಯೇಸು ಕ್ರಿಸ್ತನು ದೇವರ ಮಗನೆಂದು ನಂಬುತ್ತೀಯಾ ಅಂತ? ನಡುಗುತ್ತಾ, ಚಳಿಗೋ ಭಯಕ್ಕೋ, ನಂಬ್ತೀನಿ ಅಂದ. ಆಮೇಲೆ ಇಂಜಿನಿಯರಿಂಗ್ ಓದೋಕೆ ಬೆಂಗಳೂರಿಗೆ ಹೋದ. ಅಲ್ಲಿ ಯಾರೋ ಒಂದು ದಪ್ಪ ಪುಸ್ತಕ ಕೊಟ್ಟರು. ಹೊಸ ಒಡಂಬಡಿಕೆಗೆ ಪ್ರವೇಶಿಕೆ, ವಿದೇಶದ ಕಾಲೇಜುಗಳಲ್ಲಿ ಪಾಠಕ್ಕೆ ಇಡೋ ಪುಸ್ತಕ. ಅವನು ರೂಮಲ್ಲಿ ಒಬ್ಬನೇ ಕೂತು ಓದಿದ.

ಕ್ರಿಸ್ಮಸ್ ರಜೆಗೆ ಬಂದವನು ಆರಾಧನೆ ಮುಗಿದ ಮೇಲೆ ನನ್ನ ಹತ್ತಿರ ಬಂದ. "ಅಂಕಲ್, ಅಪೊಸ್ತಲರ ಕೃತ್ಯಗಳು 8:37 ಯಾಕೆ ಎಲ್ಲಾ ಬೈಬಲಲ್ಲೂ ಇಲ್ಲ?" ಅಂದ. ಈಗ ನೀವೂ ನೋಡಿಕೊಳ್ಳಿ. ಕೆಲವು ಅನುವಾದಗಳಲ್ಲಿ 37ನೇ ವಚನ ಇದೆ, ಕೆಲವದರಲ್ಲಿ 36 ಆದ ಮೇಲೆ ನೇರ 38. ಕಾಣೆಯಾದ ವಚನ ಅಡಿಟಿಪ್ಪಣಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತೆ. ಯಾವ ವಚನ ಅದು? ಆ ಅಧಿಕಾರಿ ನೀರಿಗೆ ಇಳಿಯೋ ಮೊದಲು ಯೇಸುವನ್ನು ದೇವರ ಮಗನೆಂದು ಒಪ್ಪಿಕೊಳ್ಳೋ ವಚನ. ಆ ಹುಡುಗನನ್ನು ನಾನು ಹಿನ್ನೀರಲ್ಲಿ ನಿಲ್ಲಿಸಿ ಕೇಳಿದ ಪ್ರಶ್ನೆಯ ವಚನ.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ. ಸುತ್ತ ಹತ್ತು ಜನ ನಿಂತಿದ್ದರು. "ತಮ್ಮಾ, ಇದು ಸೈತಾನ ಹುಟ್ಟಿಸೋ ಸಂದೇಹ. ಆ ಪುಸ್ತಕ ಪಕ್ಕಕ್ಕೆ ಇಡು. ಮೂರು ದಿನ ಉಪವಾಸ ಮಾಡು" ಅಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. "ಸರಿ ಅಂಕಲ್" ಅಂದ. ಅವನ ಅಮ್ಮ ಇವತ್ತಿಗೂ ಮುಂದಿನ ಸಾಲಲ್ಲಿ ಕೂತುಕೊಳ್ತಾರೆ. ಅವನು ಆಮೇಲೆ ಬರಲಿಲ್ಲ.

ಎರಡು ವರ್ಷ ಆದ ಮೇಲೆ ನಾನು ಅದೇ ಪುಸ್ತಕ ತರಿಸಿದೆ. ಹಟಕ್ಕೆ ತರಿಸಿದ್ದು, ಎಲ್ಲಿ ತಪ್ಪಿದೆ ಅಂತ ತೋರಿಸೋಣ ಅಂತ. ನಾನು ಕಾರ್ಗಲ್‌ನಲ್ಲಿ ಕನ್ನಡ ಮೀಡಿಯಂ ಓದಿದವನು. ಒಂದು ಪುಟಕ್ಕೆ ಹತ್ತು ಸಲ ನಿಘಂಟು. ಇಡೀ ಮಳೆಗಾಲ ಹಿಡೀತು. ಅದರಲ್ಲಿ ನಾನು ಒಪ್ಪದೇ ಇರೋ ಮಾತು ಬಹಳ ಇವೆ, ಇವತ್ತಿಗೂ ಒಪ್ಪೋದಿಲ್ಲ. ಆದರೆ ಅವನು ಕೇಳಿದ ಪ್ರಶ್ನೆಯ ಬಗ್ಗೆ ವಿಷಯ ಸರಳ ಇತ್ತು. ನಮಗೆ ಸಿಕ್ಕಿರೋ ತುಂಬಾ ಹಳೆಯ ಗ್ರೀಕ್ ಪ್ರತಿಗಳು, ಮೂರನೇ ಶತಮಾನದ ಒಂದು ಪಪೈರಸ್, ನಾಲ್ಕನೇ ಶತಮಾನದ ಸಿನಾಯಿ ಪ್ರತಿ, ವ್ಯಾಟಿಕನ್ ಪ್ರತಿ, ಇವುಗಳಲ್ಲಿ ಆ ವಚನ ಇಲ್ಲ. ಲೂಕ ಬರೆದಾಗ ಅದು ಇರಲಿಲ್ಲ, ಆಮೇಲೆ ಸೇರಿಕೊಂಡಿತು ಅಂತ ಹೆಚ್ಚಿನ ವಿದ್ವಾಂಸರು ಹೇಳ್ತಾರೆ. ಅದನ್ನು ಮುಚ್ಚಿಟ್ಟವರು ಯಾರೂ ಇಲ್ಲ. ಅವನು ಕೇಳಿದ್ದು ಸೈತಾನನ ಪ್ರಶ್ನೆ ಆಗಿರಲಿಲ್ಲ, ನನ್ನ ಸತ್ಯವೇದದ ಅಡಿಟಿಪ್ಪಣಿ ಆಗಿತ್ತು.

ಇನ್ನೂ ಕೇಳಿ. ಆ ವಚನ ಸುಮಾರು 180ನೇ ಇಸವಿಯ ಹೊತ್ತಿಗೇ ಐರೇನಿಯಸ್ ಅನ್ನೋ ಸಭಾಪಿತನಿಗೆ ಗೊತ್ತಿತ್ತು, ಅವನ ಬರಹದಲ್ಲಿದೆ. ಅಂದ್ರೆ ಆದಿಸಭೆಯವರು ದೀಕ್ಷಾಸ್ನಾನದ ನೀರಿನಲ್ಲಿ ನಿಂತು ಹೇಳ್ತಿದ್ದ ಒಪ್ಪಿಗೆಯ ಮಾತೇ ಈ ಪುಟಕ್ಕೆ ಬಂದು ಸೇರಿರಬೇಕು ಅಂತಾರೆ. ಅದನ್ನು ಓದಿದಾಗ ನಾನು ಅತ್ತೆ. ಮಾತು ಮೊದಲೇ ಅಷ್ಟು ಹಳೆಯದು. ಆ ಹುಡುಗ ನಮ್ಮ ಹಿನ್ನೀರಲ್ಲಿ ನಡುಗುತ್ತಾ ಹೇಳಿದ್ದು ಸಾವಿರದ ಎಂಟುನೂರು ವರ್ಷಗಳ ಬಾಯಿಂದ ಬಾಯಿಗೆ ಬಂದದ್ದು. ಇಷ್ಟನ್ನು ಅವತ್ತು ಹೇಳೋಕೆ ನನಗೆ ಆಗಿದ್ದರೆ! ಐದು ನಿಮಿಷದ ಮಾತು. ಬೇಡ, "ಗೊತ್ತಿಲ್ಲ ತಮ್ಮಾ, ಬಾ, ಕೂತು ಹುಡುಕೋಣ" ಅಂದಿದ್ದರೂ ಸಾಕಿತ್ತು.

ಅದಕ್ಕೇ ಪುಸ್ತಕ ಆರಿಸೋದು ನನಗೆ ಸಣ್ಣ ವಿಷಯ ಅಲ್ಲ.

ಈ ಪ್ರವೇಶಿಕೆಗಳ ಕೆಲಸ ಏನು? ಜೋಗಕ್ಕೆ ನಾಳೆ ಹೋಗ್ತೀರಲ್ಲ, ಅಲ್ಲಿ ನೋಡಿ. ಮಂಜು ಮುಚ್ಚಿರುತ್ತೆ. ಬರೀ ಸದ್ದು. ಪಕ್ಕದಲ್ಲಿ ಊರಿನವರು ಯಾರಾದರೂ ನಿಂತಿದ್ರೆ ಹೇಳ್ತಾರೆ, "ಸ್ವಲ್ಪ ನಿಲ್ಲಿ, ಗಾಳಿ ಬೀಸಿದರೆ ಸರಿಯುತ್ತೆ. ಅದೋ ಅದು ರಾಜ, ಅದರ ಪಕ್ಕ ರೋರರ್, ಆಮೇಲೆ ರಾಕೆಟ್, ಕೊನೇದು ರಾಣಿ." ಗೊತ್ತಿಲ್ಲದವನಿಗೆ ಅದೆಲ್ಲಾ ಬರೀ ನೀರು. ಗೊತ್ತಿದ್ದವರು ಕೈ ತೋರಿಸಿದ ಮೇಲೆ ನಾಲ್ಕು ಬೇರೆ ಬೇರೆಯಾಗಿ ಕಾಣುತ್ತೆ. ಸುವಾರ್ತೆಗಳು ನಾಲ್ಕೂ ಹಾಗೇ. ಆದರೆ ಇನ್ನೊಂದು ಥರದವರೂ ಇರ್ತಾರೆ, ಮಂಜು ಇದೆ ಸಾರ್, ಈ ಫೋಟೋ ನೋಡಿಬಿಡಿ ಅಂತ ಕೈಗೆ ಆಲ್ಬಮ್ ಕೊಡೋರು. ಫೋಟೋ ಚೆನ್ನಾಗೇ ಇರುತ್ತೆ. ಮುಖದ ಮೇಲೆ ಹನಿ ಬೀಳೋದಿಲ್ಲ ಅಷ್ಟೇ.

ನಮ್ಮಲ್ಲಿ ಎಸ್ಸೆಸ್ಸೆಲ್ಸಿಗೆ ಗೈಡ್ ಅಂತ ಬರುತ್ತಲ್ಲ? ಪಠ್ಯಪುಸ್ತಕ ತೆರೆಯದೇ ಗೈಡ್ ಬಾಯಿಪಾಠ ಮಾಡಿ ಪಾಸಾದವರು ಇಲ್ಲಿ ಎಷ್ಟು ಜನ? ಕೈ ಎತ್ತೋದು ಬೇಡ. ಸತ್ಯವೇದದ ವಿಷಯದಲ್ಲೂ ಅದು ಆಗುತ್ತೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಬಗ್ಗೆ ಮೂರು ಪುಸ್ತಕ ಓದಿರ್ತಾರೆ, ಪತ್ರಿಕೆಯನ್ನು ಒಂದೇ ಕೂತಿಗೆ ಓದಿರೋದಿಲ್ಲ. ಅದು ಒಂದು ಗಂಟೆ ಹಿಡಿಯೋ ಓದು ಅಷ್ಟೇ.

ಫಿಲಿಪ್ಪನನ್ನು ಮತ್ತೆ ನೋಡಿ. ಅವನು ತನ್ನ ಸಿಲಬಸ್ ಹಿಡಿದುಕೊಂಡು ಬರಲಿಲ್ಲ. ಆ ಮನುಷ್ಯ ಎಲ್ಲಿ ಓದ್ತಾ ಇದ್ದನೋ ಆ ವಾಕ್ಯದಿಂದಲೇ ಶುರು ಮಾಡಿದ, ಅಲ್ಲಿಂದ ಯೇಸುವಿನ ಹತ್ತಿರ ಕರೆದುಕೊಂಡು ಹೋದ. ಕೆಲಸ ಮುಗಿದ ಮೇಲೆ ಮಾಯವಾದ. ಆತ್ಮನು ಅವನನ್ನು ಎತ್ತಿಕೊಂಡು ಹೋದ ಮೇಲೆ ರಥದಲ್ಲಿ ಉಳಿದದ್ದು ಏನು? ಯೆಶಾಯನ ಸುರುಳಿ. ನೀವು ಆರಿಸೋ ಪುಸ್ತಕವನ್ನು ಹೀಗೆ ಪರೀಕ್ಷೆ ಮಾಡಿ. ಹತ್ತು ಪುಟ ಓದಿದ ಮೇಲೆ ಸತ್ಯವೇದ ತೆರೆಯಬೇಕು ಅಂತ ಕೈ ಹೋಗುತ್ತಾ, ಇಲ್ಲಾ ಮುಂದಿನ ಹತ್ತು ಪುಟಕ್ಕೆ ಹೋಗುತ್ತಾ?

ಇನ್ನೊಂದು ಪರೀಕ್ಷೆ ಹೇಳ್ತೀನಿ, ಇದು ನನ್ನ ಸ್ವಂತದ್ದು. ಅಂಗಡಿಯಲ್ಲಿ ನಿಂತು ಇಬ್ರಿಯರಿಗೆ ಬರೆದ ಪತ್ರಿಕೆಯ ಪುಟ ತೆಗೆಯಿರಿ. ಬರೆದವರು ಯಾರು ಅಂತ ಆ ಪುಸ್ತಕ ಏನು ಹೇಳುತ್ತೆ ನೋಡಿ. ಇಪ್ಪತ್ತು ವರ್ಷ ನಾನು "ಪೌಲನು ಇಬ್ರಿಯರಿಗೆ ಬರೆಯುತ್ತಾ" ಅಂತ ಸಾರಿದ್ದೇನೆ. ಪತ್ರಿಕೆಯಲ್ಲಿ ಬರೆದವರ ಹೆಸರೇ ಇಲ್ಲ! ಮೂರನೇ ಶತಮಾನದ ಒರಿಗೆನನೇ ದೇವರಿಗೆ ಗೊತ್ತು ಅಂತ ಬಿಟ್ಟುಬಿಟ್ಟ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನೋ ಪುಸ್ತಕವನ್ನು, ತನ್ನ ವಿರುದ್ಧ ಇರೋರ ವಾದವನ್ನೂ ಮರ್ಯಾದೆಯಿಂದ ಹೇಳೋ ಪುಸ್ತಕವನ್ನು ನಂಬಬಹುದು. ಎಲ್ಲಕ್ಕೂ ಒಂದೇ ಸಾಲಿನ ಉತ್ತರ ಇದ್ದರೆ, ಅದು ನಮ್ಮ ಪರವಾಗಿ ಇದ್ದರೂ, ಕೆಳಗಿಡಿ.

ಈಗ ಹೆಸರು. ನಿಮ್ಮ ಪಟ್ಟಿ ನೋಡಿದೆ. ಅದರಲ್ಲಿ ರೇಮಂಡ್ ಬ್ರೌನ್ ಅವರ ಹೊಸ ಒಡಂಬಡಿಕೆಯ ಪ್ರವೇಶಿಕೆ ಇದೆ, 1997ರದ್ದು. ಕ್ಯಾಥೋಲಿಕ್ ಗುರುಗಳು, ದೊಡ್ಡ ವಿದ್ವಾಂಸರು, ಎಂಟುನೂರು ಪುಟ ದಾಟುತ್ತೆ. ಕಾರ್ಸನ್ ಮತ್ತು ಮೂ ಅವರದ್ದೂ ಇದೆ, ಇವ್ಯಾಂಜೆಲಿಕಲ್ ಕಾಲೇಜುಗಳಲ್ಲಿ ತುಂಬಾ ಬಳಸ್ತಾರೆ. ಎರಡೂ ಒಳ್ಳೆಯವೇ. ಆದರೆ ಅವು ಎರಡನೇ ವರ್ಷಕ್ಕೆ ಇರಲಿ, ಅದೂ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು. ಈಗಲೇ ಶುರು ಮಾಡಿದರೆ ಯಾರು ಬರೆದದ್ದು, ಯಾವಾಗ ಬರೆದದ್ದು ಅನ್ನೋದರಲ್ಲೇ ಆರು ತಿಂಗಳು ಹೋಗುತ್ತೆ, ಡಿಸೆಂಬರ್ ಹೊತ್ತಿಗೆ ನಾಲ್ಕು ಜನ ಉಳೀತೀರಿ.

ನನ್ನ ಉತ್ತರ, ಗಾರ್ಡನ್ ಫೀ ಮತ್ತು ಡಗ್ಲಸ್ ಸ್ಟುವರ್ಟ್ ಬರೆದ "ಹೌ ಟು ರೀಡ್ ದ ಬೈಬಲ್ ಫಾರ್ ಆಲ್ ಇಟ್ಸ್ ವರ್ತ್". ಫೀ ಯಾರು ಗೊತ್ತಾ? ಅಸೆಂಬ್ಲೀಸ್ ಆಫ್ ಗಾಡ್ ಪಾಸ್ಟರರ ಮಗ, ತಾವೂ ಅದೇ ಸಭೆಯ ಸೇವಕರು, ಹೊಸ ಒಡಂಬಡಿಕೆಯ ಪಂಡಿತರು. 2022ರಲ್ಲಿ ಕರ್ತನ ಬಳಿಗೆ ಹೋದರು. ಅನ್ಯಭಾಷೆಯಲ್ಲಿ ಪ್ರಾರ್ಥಿಸೋ ಮನುಷ್ಯ ಗ್ರೀಕ್ ವ್ಯಾಕರಣವನ್ನೂ ಕಲಿಸಬಹುದು ಅಂತ ಅವರನ್ನು ನೋಡಿ ನನಗೆ ಧೈರ್ಯ ಬಂತು. ಪತ್ರಿಕೆಯನ್ನು ಪತ್ರಿಕೆಯಾಗಿ, ಕೀರ್ತನೆಯನ್ನು ಹಾಡಾಗಿ, ಸಾಮ್ಯವನ್ನು ಸಾಮ್ಯವಾಗಿ ಹೇಗೆ ಓದಬೇಕು ಅಂತ ಅಧ್ಯಾಯ ಅಧ್ಯಾಯವಾಗಿ ಹೇಳಿಕೊಡ್ತಾರೆ. ಯೆರೆಮೀಯ 29:11ನ್ನು ಮಗ್ಗಿನ ಮೇಲೆ ಬರೆಸೋ ಮೊದಲು, ಅದು ಬಾಬೆಲಿಗೆ ಸೆರೆಹೋದ ಜನರಿಗೆ ಬರೆದ ಪತ್ರದಲ್ಲಿದೆ, ಅದರ ಹಿಂದಿನ ವಚನದಲ್ಲಿ ಎಪ್ಪತ್ತು ವರ್ಷದ ಕಾಯುವಿಕೆ ಇದೆ ಅಂತ ನೋಡೋ ಅಭ್ಯಾಸ ಬರುತ್ತೆ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಪಾಸ್ಟರ್ ಮುಚ್ಚಿಟ್ಟರು ಅನ್ನಬಾರದು. ಅಪೊಸ್ತಲರ ಕೃತ್ಯಗಳ ಬಗ್ಗೆ ಅದರಲ್ಲಿರೋ ಅಧ್ಯಾಯ ನಮ್ಮವರಿಗೆ ಚುಚ್ಚುತ್ತೆ. ಲೂಕ ನಡೆದದ್ದನ್ನು ಹೇಳಿದ ಮಾತ್ರಕ್ಕೆ ಅದು ಎಲ್ಲರಿಗೂ ನಿಯಮ ಆಗೋದಿಲ್ಲ ಅಂತ ಅಲ್ಲಿ ವಾದ ಇದೆ. ರಕ್ಷಣೆ ಆದ ಮೇಲೆ ಬೇರೆಯಾಗಿ ಬರೋ ಆತ್ಮಾಭಿಷೇಕದ ನಮ್ಮ ಬೋಧನೆಗೆ ಇದು ನೇರ ಪ್ರಶ್ನೆ. ಫೀ ಆ ವಿಷಯದಲ್ಲಿ ತಮ್ಮ ಸಭೆಯ ಜೊತೆಗೇ ಭಿನ್ನವಾಗಿ ಯೋಚಿಸಿದವರು. ಇದಕ್ಕೆ ನಮ್ಮವರೇ ಆದ ರೋಜರ್ ಸ್ಟ್ರಾನ್‌ಸ್ಟಾಡ್ 1984ರಲ್ಲಿ ಒಂದು ಪುಸ್ತಕ ಬರೆದರು. ಲೂಕ ಇತಿಹಾಸ ಹೇಳುತ್ತಲೇ ದೇವಶಾಸ್ತ್ರವನ್ನೂ ಕಲಿಸುತ್ತಾನೆ ಅನ್ನೋದು ಅವರ ವಾದ. ನನಗೆ ಸ್ಟ್ರಾನ್‌ಸ್ಟಾಡ್ ಸರಿ ಅನ್ನಿಸುತ್ತೆ. ಆದರೂ ಫೀಯನ್ನೇ ಓದಿ ಅಂತಿದ್ದೇನೆ. ಆ ಅಧ್ಯಾಯ ಬಂದ ವಾರ ನನಗೆ ಫೋನ್ ಮಾಡಿ, ನಾನೇ ಬೆಂಗಳೂರಿಗೆ ಬರ್ತೀನಿ. ಬೆಳಗಿನ ತನಕ ವಾದ ಮಾಡೋಣ. ನೀವು ಒಬ್ಬೊಬ್ಬರೇ ರೂಮಲ್ಲಿ ಕೂತು ಓದೋದು ಬೇಡ.

ಜೊತೆಗೆ, ಸಭೆಯ ಹಣದಿಂದ ಒಂದು ಪ್ರತಿ "ಸೌತ್ ಏಷ್ಯಾ ಬೈಬಲ್ ಕಾಮೆಂಟರಿ" ತಂದಿಡಿ. ಬ್ರಯನ್ ವಿಂಟಲ್ ಸಂಪಾದಕರು, 2015ರಲ್ಲಿ ಬಂತು, ನಮ್ಮ ದೇಶದವರು, ಅಕ್ಕಪಕ್ಕದ ದೇಶದವರು ಬರೆದದ್ದು. ವಿಗ್ರಹಕ್ಕೆ ಇಟ್ಟ ಊಟ, ಜಾತಿ, ಸೊಸೆ ರೂತಳ ಸ್ಥಿತಿ, ಇವನ್ನು ಇಲ್ಲಿ ಬದುಕಿದವರಿಗೆ ವಿವರಿಸೋದು ಬೇರೆ.

ಎರಡೂ ಇಂಗ್ಲಿಷ್. ನಿಮ್ಮಲ್ಲಿ ಕೆಲವರ ಮುಖ ಇಳಿದದ್ದು ಇಲ್ಲಿಂದ ಕಾಣ್ತಿದೆ, ನನಗೂ ಇಳಿದಿತ್ತು. ಅದಕ್ಕೆ ಒಂದು ಕ್ರಮ ಇಟ್ಟುಕೊಳ್ಳಿ: ಇಂಗ್ಲಿಷಲ್ಲಿ ಓದಿ, ಕನ್ನಡದಲ್ಲಿ ಮಾತಾಡಿ. ಗುರುವಾರ ಒಬ್ಬರು ಆ ವಾರದ ಅಧ್ಯಾಯವನ್ನು ನಿಮ್ಮ ಅಜ್ಜಿಗೆ ಹೇಳೋ ಹಾಗೆ ಕನ್ನಡದಲ್ಲಿ ಹೇಳಬೇಕು. ಇಂಗ್ಲಿಷ್ ಶಬ್ದಗಳ ಹಿಂದೆ ನಾವು ಅರ್ಥ ಆಗದೇ ಇರೋದನ್ನು ಬಚ್ಚಿಡೋದು ಜಾಸ್ತಿ. ಬೆಂಗಳೂರಲ್ಲೇ 1971ರಿಂದ ಟ್ಯಾಫ್ಟಿ ಅನ್ನೋ ಸಂಸ್ಥೆ ಇದೆ, ವಾರವಿಡೀ ಮನೇಲಿ ಓದಿ ವಾರಕ್ಕೊಮ್ಮೆ ಗುಂಪಲ್ಲಿ ಕೂತು ಚರ್ಚಿಸೋ ಪದ್ಧತಿಯಲ್ಲಿ ಕಲಿಸ್ತಾರೆ. ಕೆಲಸಕ್ಕೆ ಹೋಗೋರಿಗೆ ಅಂತಲೇ ಮಾಡಿದ ಕ್ರಮ. ಅದನ್ನೂ ವಿಚಾರಿಸಿ.

ಎರಡನೇ ವಾಕ್ಯಭಾಗಕ್ಕೆ ಸಮಯ ಆಗ್ತಾ ಬಂತು, ಬೇಗ ಹೇಳ್ತೀನಿ. ಪೌಲ ಸೆರೆಯಲ್ಲಿದ್ದಾನೆ. ಸಾವು ಹತ್ತಿರ ಇದೆ ಅಂತ ಅವನಿಗೇ ಗೊತ್ತು. ಮೂರನೇ ಆಕಾಶದ ತನಕ ಹೋಗಿಬಂದ ಮನುಷ್ಯ. ತಿಮೊಥೆಯನಿಗೆ ಏನು ತರೋಕೆ ಹೇಳ್ತಾನೆ? ತ್ರೋವದಲ್ಲಿ ಕರ್ಪನ ಮನೇಲಿ ಬಿಟ್ಟುಬಂದ ಮೇಲಂಗಿ, ಪುಸ್ತಕಗಳು, ಅದರಲ್ಲೂ ಚರ್ಮದ ಹಾಳೆಗಳು. ಚಳಿಗಾಲದ ಒಳಗೆ ಬಾ ಅಂತಾನೆ. ಮೇಲಂಗಿ ಯಾಕೆ ಅಂತ ಕಂಬಳಿ ಕೊಪ್ಪೆ ಹೊದ್ದು ಗದ್ದೆಗೆ ಹೋಗೋ ನಮ್ಮ ಸಾಗರ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಆದರೆ ಪುಸ್ತಕ? ಇನ್ನೆಷ್ಟು ದಿನ ಓದ್ತಾನೆ ಅವನು? ಆದರೂ ಬೇಕು ಅಂತಾನೆ. ಮತ್ತೆ ಅದನ್ನು ಹೊತ್ತು ತರೋಕೆ ಒಬ್ಬ ಸ್ನೇಹಿತನೂ ಬೇಕು, ಆ ಅಧ್ಯಾಯದಲ್ಲಿ ಯಾರು ಯಾರು ಬಿಟ್ಟುಹೋದರು ಅಂತ ಎಷ್ಟು ಹೆಸರು ಎಣಿಸಿದ್ದಾನೆ ನೋಡಿ.

ಈ ಸಂದೇಶ ಸಿದ್ಧ ಮಾಡ್ತಾ ಕಳೆದ ವಾರ ಆ ಹುಡುಗನಿಗೆ ಮೆಸೇಜ್ ಹಾಕಿದೆ. ಅವನ ಅಮ್ಮನ ಹತ್ತಿರ ನಂಬರ್ ಕೇಳಿಕೊಂಡು. "ತಮ್ಮಾ, 8:37ರ ಬಗ್ಗೆ ನೀನು ಕೇಳಿದ್ದು ಸರಿಯಾದ ಪ್ರಶ್ನೆ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳದೆ ನಿನ್ನನ್ನು ಬೈದೆ. ಕ್ಷಮಿಸು" ಅಂತ ಬರೆದೆ. ಎರಡು ದಿನ ನೀಲಿ ಗೆರೆ ಬಿದ್ದು ಹಾಗೇ ಇತ್ತು. ಮೂರನೇ ದಿನ ರಾತ್ರಿ ಉತ್ತರ ಬಂತು. "ಅಂಕಲ್, ನೀವು ಇನ್ನೂ ಕಾರ್ಗಲ್‌ನಲ್ಲೇ ಇದೀರಾ?" ಅಷ್ಟೇ.

ಇದೀನಿ, ಬಾ ಅಂತ ಬರೆದಿದ್ದೇನೆ.

ಎದ್ದು ನಿಲ್ಲಿ. ಪಕ್ಕದವರ ಕೈ ಹಿಡಿಯಿರಿ. ನಿಮಗೂ ಹೀಗೆ ಪ್ರಶ್ನೆ ಕೇಳಿ ಹೊರಗೆ ಹೋದ ಒಬ್ಬ ಸ್ನೇಹಿತ, ಒಬ್ಬ ಅಕ್ಕ, ಒಬ್ಬ ತಮ್ಮ ಇರಬಹುದು. ಅವರ ಹೆಸರನ್ನು ಮೆಲ್ಲಗೆ ಹೇಳಿ ಪ್ರಾರ್ಥಿಸೋಣ. ಕರ್ತನೇ, ಆ ರಥ ಇನ್ನೂ ರಸ್ತೆಯಲ್ಲೇ ಇದೆ. ನಮ್ಮನ್ನು ಓಡಿಸು. ಯೇಸುವಿನ ನಾಮದಲ್ಲಿ, ಆಮೆನ್.